ಲಾಳ, ಗಾಳ, ಲಾಳ, ಮೀನು

ಮೆಸಯೀದ್, ಕತಾರ್
೫-೨-೨೦೨೪

ಪುಳ್ಳಿ ಅಶ್ವಿತಾಳಿಗೆ,

ಆಶೀರ್ವಾದ ಆಮೇಲೆ. ಮೊದಲು ಹೇಳು, ಈ ಸ್ಯಾಮ್ಯುಯೆಲ್ ಯಾರು?

ನಿನ್ನ ಕಾಗದದ ತಲೆಯಲ್ಲಿ ಹೊಸ ವಿಳಾಸ ಕಂಡೆ. "ಸ್ಯಾಮ್ಯುಯೆಲ್ಸ್ ಫ್ಲ್ಯಾಟ್, ವಿಕ್ಟೋರಿಯಾ, ಆಸ್ಟ್ರೇಲಿಯಾ." ಮದುವೆಯಾಗದ ಹುಡುಗಿ ಒಬ್ಬ ಗಂಡಸಿನ ಫ್ಲ್ಯಾಟಿನಲ್ಲಿ ಇರುವುದು ಎಂದರೆ ಏನು? ಜೊತೆಗೆ ವಿಕ್ಟೋರಿಯಾ ಎಂಬವಳೂ ಇದ್ದಾಳೆ ಎಂದು ನನಗೆ ಸಮಾಧಾನ ಹೇಳುವ ಉಪಾಯವೋ? ಅವಳು ಅವನ ಹೆಂಡತಿಯೋ, ತಂಗಿಯೋ? ನಮ್ಮ ಸಾಲಿನಲ್ಲಿ ನಾಲ್ಕನೇ ಮನೆಯ ಆಯಿಷಮ್ಮನಿಗೆ ಮಾತ್ರ ಕಾಗದ ತೋರಿಸಿದೆ. ಅವಳು "ಚೆನ್ನಕ್ಕ, ಈಗಿನ ಕಾಲದಲ್ಲಿ ಇದೆಲ್ಲ ಉಂಟು" ಅಂದಳು. ಅವಳಿಗೆ ಚಹಾ ಕೊಡದೆ ಕಳಿಸಿದೆ.

ನಿನ್ನ ಅಪ್ಪನಿಗೆ ತೋರಿಸಲಿಲ್ಲ. ನೀನು ಮೆಲ್ಬರ್ನ್ ಪೇಟೆಯಲ್ಲಿ ದೊಡ್ಡ ಆಫೀಸಿನಲ್ಲಿ ಇದ್ದೀ ಎಂದು ಯಜ್ಞೇಶ ಪ್ಲಾಂಟಿನ ಬಸ್ಸಿನಲ್ಲಿ ಇಡೀ ದಾರಿ ಹೇಳಿಕೊಂಡು ಹೋಗುತ್ತಾನೆ. ಅವನಿಗೆ ಹೇಳಿಕೊಳ್ಳಲು ಯಾವಾಗಲೂ ಒಂದು ದೊಡ್ಡದು ಬೇಕು. ಮೊನ್ನೆ ದೋಹಾದಲ್ಲಿ ತುಳುವರ ಕೂಟ ಇತ್ತು. ಎಲ್ಲರ ಎದುರು ನನ್ನನ್ನು ನಿಲ್ಲಿಸಿ "ನನ್ನ ಅಮ್ಮ, ದೊಡ್ಡ ಗುತ್ತಿನ ಮನೆಯವರು, ಊರಿನ ಯಜಮಾನರ ವಂಶ" ಎಂದು ಪರಿಚಯ ಮಾಡಿಸಿದ. ಮೂರು ಜನ ಕಾಲಿಗೆ ಬಿದ್ದರು. ನಾನು ಸೆರಗು ಸರಿ ಮಾಡಿಕೊಂಡು ಕೂತೆ.

ಫೋನು ಮಾಡಬೇಡ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಮರುದಿನ ನೀನು ಹೇಳಲೇ ಇಲ್ಲ ಎನ್ನುತ್ತೀ. ಕಾಗದದಲ್ಲಿ ಬರೆ, ಕನ್ನಡದಲ್ಲಿ ಬರೆ.

ಉತ್ತರ ಬರುವ ತನಕ ಸಿಟ್ಟಿನಲ್ಲಿರುವ
ನಿನ್ನ ಅಜ್ಜಿ ಚೆನ್ನು


ಸ್ಯಾಮ್ಯುಯೆಲ್ಸ್ ಫ್ಲ್ಯಾಟ್
1-3-2024

ಪ್ರೀತಿಯ ಅಜ್ಜಿ,

ನಕ್ಕು ನಕ್ಕು ಹೊಟ್ಟೆ ನೋವು ಬಂತು. ಸ್ಯಾಮ್ಯುಯೆಲ್ ಸತ್ತು ನೂರು ವರ್ಷ ಆಯಿತು. ವಿಕ್ಟೋರಿಯಾ ಹೆಂಗಸಲ್ಲ, ಇಲ್ಲಿಯ ರಾಜ್ಯದ ಹೆಸರು, ಕರ್ನಾಟಕ ಅಂದ ಹಾಗೆ. ಫ್ಲ್ಯಾಟ್ ಅಂದರೆ ಇಲ್ಲಿ ಬಿಲ್ಡಿಂಗ್ ಅಲ್ಲ, ಸಪಾಟು ನೆಲ. ಇದು ಒಂದು ಚಿಕ್ಕ ಹಲ್ಲಿ. ಒಟ್ಟು ಎಂಬತ್ತಮೂರು ಜನ ಇದ್ದಾರೆ.

ನೆಲ ಎಷ್ಟು ಸಪಾಟು ಅಂದರೆ ಬೆಳಿಗ್ಗೆ ಹೊರಟ ಲಾರಿ ಅರ್ಧ ಗಂಟೆ ಕಾಣುತ್ತಾ ಇರುತ್ತದೆ. ಗೋಧಿ ಕೊಯ್ದು ಆಗಿದೆ, ಈಗ ಎಲ್ಲಾ ಕಡೆ ಹಳದಿ ಕೂಳೆ. ಒಂದು ತೊರೆ ಉಂಟು, ಅದರಲ್ಲಿ ನೀರಿಲ್ಲ, ಕಲ್ಲು ಮಾತ್ರ. ದಡದ ಮರಗಳು ಎಲೆ ಉದುರಿಸುವುದಿಲ್ಲ, ತೊಗಟೆ ಉದುರಿಸುತ್ತವೆ. ಗುಲಾಬಿ ಎದೆಯ ಗಿಣಿಗಳು ತಂತಿ ಮೇಲೆ ಸಾಲಾಗಿ ಕೂತು ಜಗಳ ಮಾಡುತ್ತವೆ. ರೈಲು ಹಳಿ ಇದೆ, ರೈಲು ಬರುವುದಿಲ್ಲ. ಸ್ಕೂಲ್ ಕ್ಲೋಸ್, ಪೋಸ್ಟ್ ಆಫೀಸ್ ಕ್ಲೋಸ್. ಚರ್ಚಿನಲ್ಲಿ ಈಗ ಯಾರೋ ಸಂಸಾರ ಮಾಡುತ್ತಾರೆ. ಉಳಿದದ್ದು ಒಂದು ಹಳೆಯ ಹಾಲ್. ಅಲ್ಲೇ ಡ್ಯಾನ್ಸ್, ಅಲ್ಲೇ ವೋಟ್, ಅಲ್ಲೇ ಸತ್ತವರಿಗೆ ಚಹಾ. ಬೀಗದ ಕೈ ಅಗಾತಾ ಎಂಬ ಎಂಬತ್ತು ವರ್ಷದ ಅಜ್ಜಿಯ ಹತ್ತಿರ. ಅವರ ಬಾಯಿ ನಿಮ್ಮ ಹಾಗೆಯೇ. ಆ ತೊರೆಗೆ ಸ್ಯಾಮ್ಯುಯೆಲ್ ಬರುವ ಮೊದಲೇ ಒಂದು ಹೆಸರಿತ್ತು, ಈ ನೆಲದ ಮೊದಲ ಜನ ಇಟ್ಟದ್ದು, ಅದನ್ನು ಮ್ಯಾಪ್ ಮಾಡಿದವರು ಕೇಳಲೇ ಇಲ್ಲ ಎಂದು ಅವರು ಹೇಳುತ್ತಾರೆ.

ನನ್ನ ಕೆಲಸ ಕೌನ್ಸಿಲ್ ಆಫೀಸಿನಲ್ಲಿ, ಅಂದರೆ ಪಂಚಾಯತ್ ಹಾಗೆ. ಈ ಊರಿನ ಹಿಸ್ಟರಿ ಹುಡುಕಿ ರಿಪೋರ್ಟ್ ಬರೆಯುವುದು. ಒಳ್ಳೆಯ ಮನೆ ಕೊಟ್ಟಿದ್ದಾರೆ. ಅಪ್ಪನಿಗೆ ಮೆಲ್ಬರ್ನ್ ಎಂದೇ ಇರಲಿ.

ನಿಮ್ಮ ಕಾಗದದ ಮೂಲೆಯಲ್ಲಿ ಯಾವಾಗಲೂ ಬಿಡಿಸುತ್ತೀರಲ್ಲ ಆ ಸಣ್ಣ ರಂಗೋಲಿ, ಅದು ನನಗೆ ತುಂಬಾ ಇಷ್ಟ.

ನಿಮ್ಮ ಅಶ್ವಿ


ಮೆಸಯೀದ್
೨೬-೩-೨೦೨೪

ಅಶ್ವೀ,

ಆಯಿಷಮ್ಮನಿಗೆ ಚಹಾ ಕೊಟ್ಟೆ. ಸ್ಯಾಮ್ಯುಯೆಲ್ ಸತ್ತದ್ದಕ್ಕೆ ಇಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

"ಚಿಕ್ಕ ಹಲ್ಲಿ" ಎಂದು ಬರೆದಿದ್ದೀ. ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿಯೊಳಗೆ ಎಂಬತ್ತಮೂರು ಜನ ಹೇಗೆ ಹಿಡಿಸಿದರು? ಹಳ್ಳಿ. ನಾಲಿಗೆ ಮಡಚಿ ಹೇಳು, ಹಾಗೆಯೇ ಬರೆ. ದೋಹಾದ ಇಂಗ್ಲಿಷ್ ಶಾಲೆಗೆ ಕಳಿಸಬೇಡ, ನಾಲಿಗೆ ಮಡಚುವುದು ಮರೆತು ಹೋಗುತ್ತದೆ ಎಂದು ಅಂದೇ ಹೇಳಿದ್ದೆ. ಅಕ್ಷರ ಕಲಿಸಿದವಳು ನಾನು. ಅಷ್ಟರಲ್ಲಿ ನಿನಗೆ ಪರೀಕ್ಷೆ ಬಂತು, ಉಳಿದದ್ದು ಹಾಗೆಯೇ ಉಳಿಯಿತು. ಮತ್ತೆ ರಂಗೋಲಿ ಯಾವುದು? ನಾನೇನೂ ಬಿಡಿಸಿಲ್ಲ, ಪೆನ್ನು ಸೋರಿರಬೇಕು.

ಇನ್ನೊಂದು. ಒಳ್ಳೆಯ ಮನೆ ಅಂದೆಯಲ್ಲ, ಆ ಮನೆಯಲ್ಲಿ ಮೇಜಿಲ್ಲವೇ? ನಿನ್ನ ಸಾಲುಗಳು ಕೆಳಕ್ಕೆ ಜಾರುತ್ತಿವೆ. ಮೊಣಕಾಲ ಮೇಲೆ ಇಟ್ಟು ಬರೆದವಳ ಅಕ್ಷರ ಅದು. ಸುಳ್ಳು ಹೇಳುವುದಾದರೆ ಚೆನ್ನಾಗಿ ಹೇಳಲು ಕಲಿ.

ಕಳೆದ ಶುಕ್ರವಾರ ಆಯಿಷಮ್ಮನ ಮಗ ಜಲೀಲ್ ಕಾರಿನಲ್ಲಿ ನಮ್ಮಿಬ್ಬರನ್ನೂ ಅಲ್ ಶಮಾಲ್ ಕಡೆಗೆ ಕರೆದುಕೊಂಡು ಹೋದ. ಸಮುದ್ರದ ಬದಿಯಲ್ಲಿ ಮೀನುಗಾರರು ಬಿಟ್ಟುಹೋದ ಒಂದು ಊರು. ಗೋಡೆ ಉಂಟು, ಬಾಗಿಲಿನ ಜಾಗ ಉಂಟು, ಮೇಲೆ ಮಾಡು ಇಲ್ಲ, ಆಕಾಶವೇ ಚಾವಣಿ. ಆದರೆ ಹೆಸರಿನ ಬೋರ್ಡು ಹೊಸತು, ಫಳಫಳ ಹೊಳೆಯುತ್ತಿತ್ತು. ಜನ ಹೋದರೂ ಇವರು ಹೆಸರನ್ನು ಬಿಟ್ಟಿಲ್ಲ ಎಂದು ನನಗೆ ಖುಷಿಯಾಯಿತು. ನಾನು ಎಲ್ಲಿ ಹೋದರೂ ಮೊದಲು ಮಾಡು ನೋಡುವವಳು. ನಿಮ್ಮ ಹಾಲ್‌ನ ಮಾಡಿಗೆ ಏನು ಹೊದಿಸಿದ್ದಾರೆ?

ಚೆನ್ನು ಅಜ್ಜಿ


ಸ್ಯಾಮ್ಯುಯೆಲ್ಸ್ ಫ್ಲ್ಯಾಟ್
22-4-2024

ಪ್ರೀತಿಯ ಅಜ್ಜಿ,

ಸಿಕ್ಕಿಬಿದ್ದೆ. ಮನೆ ಇಲ್ಲ. ಅಗಾತಾ ಅವರ ಹಿತ್ತಲಲ್ಲಿ ಒಂದು ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಡಬ್ಬಿ, ಅದರಲ್ಲಿ ಇದ್ದೇನೆ. ಮೇಜು ಇತ್ತು, ಕಾಲು ಮುರಿಯಿತು.

ಮಾಡು ಯಾಕೆ ಕೇಳಿದಿರಿ? ಎಲ್ಲಾ ತಗಡು. ನೆತ್ತಿಯ ಉದ್ದಕ್ಕೆ ಮಾತ್ರ ಕವುಚಿ ಹಾಕಿದ ಹಳೆಯ ಕೆಂಪು ಹಂಚು. ಮೊದಲು ಇಡೀ ಮಾಡು ಹಂಚೇ ಇತ್ತಂತೆ. 1961ರಲ್ಲಿ ದೊಡ್ಡ ಆಲಿಕಲ್ಲು ಬಿದ್ದು ಒಡೆಯಿತು. ಆಗ ಕೆಳಗೆ ಇಳಿಸಿದ ನೆತ್ತಿಯ ಹಂಚಲ್ಲಿ ಒಂದರ ಒಳಮೈಯಲ್ಲಿ ಗುರುತುಗಳು ಕಂಡವು. ಅಗಾತಾ ಅವರ ಅಪ್ಪ ಅದನ್ನು ಬಾಗಿಲಿನ ಮೇಲೆ, ಒಳಮೈ ಕಾಣುವ ಹಾಗೆ, ಎರಡು ತುದಿಗೂ ಗಾರೆ ಹಾಕಿ ಕೂರಿಸಿದರು.

ಈ ಊರಿನವರಿಗೆ ಅದೇ ದೇವರು! ಒಂದು ಕುದುರೆ ಲಾಳ, ಒಂದು ಗಾಳ, ಮತ್ತೆ ಒಂದು ಲಾಳ, ಕೊನೆಗೆ ತಲೆ ಕೆಳಗೆ ಬಾಲ ಮೇಲೆ ಮಾಡಿದ ಒಂದು ಮೀನು. ಕಥೆ ಏನೆಂದರೆ, ಸ್ಯಾಮ್ಯುಯೆಲ್ ಕುದುರೆ ಮೇಲೆ ಬಂದ, ತೊರೆಗೆ ಗಾಳ ಹಾಕಿದ, ಏನೂ ಸಿಗದೆ ಕುದುರೆ ಮೇಲೆ ಹೊರಟ, ಆಗ ಮೀನು ಸಿಕ್ಕಿತು, ಅಲ್ಲೇ ಉಳಿದ. ಕ್ರಿಕೆಟ್ ಟೀಮಿನ ಟೋಪಿ ಮೇಲೆ ಕೂಡ ಇದೇ ಚಿತ್ರ. ಕೆಳಗೆ ಬಿಡಿಸಿ ಕಳಿಸಿದ್ದೇನೆ ನೋಡಿ.

ಈಗ ಬೇಜಾರಿನ ವಿಷಯ. ಕೌನ್ಸಿಲ್ ಎಂಜಿನಿಯರ್ ರೂಬೆನ್ ಎಂಬವರು ಹಾಲ್ ಕೆಡವಬೇಕು ಅನ್ನುತ್ತಾರೆ. ಅವರ ಪ್ರಕಾರ ಅದು 1955ರ ಶೆಡ್. ನೂರು ವರ್ಷ ಆಗಿದ್ದರೆ ಮುಟ್ಟುವ ಹಾಗಿಲ್ಲ. ಹಳೆಯ ರೆಕಾರ್ಡ್ ಎಲ್ಲ ಆಫೀಸಿಗೆ ಬೆಂಕಿ ಬಿದ್ದಾಗ ಖಲಾಸ್. ಹಾಲ್ ಹೋದರೆ ಊರಿನ ಹೆಸರನ್ನೂ ತೆಗೆದು ಪಕ್ಕದ ಊರಿಗೆ ಸೇರಿಸುತ್ತಾರೆ. ಜುಲೈ 17ಕ್ಕೆ ವೋಟು. ಅಗಾತಾ "ನಾನು ಹುಟ್ಟುವ ಮೊದಲೇ ಇತ್ತು" ಎಂದರೆ ನೆನಪು ಸಾಕ್ಷಿ ಅಲ್ಲ ಎಂದರಂತೆ.

ನನ್ನ ಕೆಲಸಕ್ಕೆ ಏನೂ ಆಗುವುದಿಲ್ಲ, ಚಿಂತೆ ಬೇಡ.

ಅಶ್ವಿ


ಸ್ಯಾಮ್ಯುಯೆಲ್ಸ್ ಫ್ಲ್ಯಾಟ್
10-6-2024

ಅಜ್ಜಿ,

ಏಳು ವಾರ ಆಯಿತು, ನಿಮ್ಮ ಕಾಗದ ಇಲ್ಲ. ಕ್ಯಾರವಾನ್ ವಿಷಯಕ್ಕೆ ಸಿಟ್ಟಾ? ಅಪ್ಪನಿಗೆ ಗೊತ್ತಾಯಿತಾ? ಅಮ್ಮನಿಗೆ ಫೋನ್ ಮಾಡಿದರೆ "ಅತ್ತೆ ಚೆನ್ನಾಗಿದ್ದಾರೆ, ಮಾತು ಕಡಿಮೆ ಮಾಡಿದ್ದಾರೆ" ಅಂದರು. ನೀವು ಮಾತು ಕಡಿಮೆ ಮಾಡಿದ್ದೀರಿ ಎಂದರೆ ನನಗೆ ಭಯ ಆಗುತ್ತದೆ.

ಸತ್ಯ ಹೇಳಿಬಿಡುತ್ತೇನೆ. ಹಾಲ್ ಹೋದರೆ ನನ್ನ ಕೆಲಸವೂ ಹೋಗುತ್ತದೆ. ಇನ್ನು ಐದು ವಾರ ಇದೆ. ನನ್ನ ರಿಪೋರ್ಟಿನಲ್ಲಿ ಗಿಣಿ, ಗೋಧಿ, ಹನ್ನೊಂದು ಸಮಾಧಿ ಬಿಟ್ಟರೆ ಏನೂ ಇಲ್ಲ. ಇದನ್ನು ಎಕ್ಸ್‌ಪ್ರೆಸ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ಬೈದು ಆದರೂ ಬರೆಯಿರಿ.

ಅಶ್ವಿ


ಮೆಸಯೀದ್
೧೮-೬-೨೦೨೪

ಅಶ್ವೀ,

ಸಿಟ್ಟಲ್ಲ ಮಗಾ. ಹೆದರಿಕೆ. ಈ ಕಾಗದವನ್ನು ಆಯಿಷಮ್ಮ ತನ್ನ ಫೋನಿನಲ್ಲಿ ಫೋಟೋ ಹೊಡೆದು ಇವತ್ತೇ ನಿನಗೆ ಕಳಿಸುತ್ತಾಳೆ, ಅಂಚೆಯಲ್ಲಿ ಅಸಲು ಬರುತ್ತದೆ. ಕಾಯಲು ಪುರುಸೊತ್ತಿಲ್ಲ.

ನೀನು ಬಿಡಿಸಿದ ಚಿತ್ರ ಮೇ ತಿಂಗಳ ಹತ್ತಕ್ಕೇ ಸಿಕ್ಕಿತು. ಬಿಚ್ಚಿದ ಕೂಡಲೇ ಓದಿದೆ. ಓದಿದವಳು ಐದು ವಾರ ಬಾಯಿ ಮುಚ್ಚಿ ಕೂತೆ. ತಪ್ಪು ನನ್ನದು.

ಕತ್ತೆ ಹೆಣ್ಣೇ, ಅದು ಚಿತ್ರ ಅಲ್ಲ! ಕನ್ನಡದ ಅಂಕಿ! ಲಾಳ ಅಂದರೆ ಒಂದು. ಗಾಳ ಒಂಬತ್ತು. ಪುನಃ ಒಂದು. ತಲೆಕೆಳಗಾದ ಮೀನು ನಾಲ್ಕು. ಸಾವಿರದ ಒಂಬೈನೂರ ಹದಿನಾಲ್ಕು! ಅಷ್ಟು ಜನ ಗಂಡಸರು ನಮ್ಮ ಇಸವಿಯನ್ನು ತಲೆಯ ಮೇಲೆ ಹೊತ್ತುಕೊಂಡು ಕ್ರಿಕೆಟ್ ಆಡುತ್ತಿದ್ದಾರೆ, ಒಬ್ಬನಿಗೂ ಗೊತ್ತಿಲ್ಲ. ಅವರನ್ನು ಬಿಡು, ನಿನಗೆ ಏನಾಗಿತ್ತು? ನನ್ನ ಕಾಗದದ ಮೂಲೆಯ ರಂಗೋಲಿ ಅಂದೆಯಲ್ಲ, ಅದು ತಾರೀಕು ಮಾರಾಯ್ತಿ! ಎಂಟು ವರ್ಷದಿಂದ ನನ್ನ ತಾರೀಕನ್ನು ನೋಡಿ ಚಂದ ಉಂಟು ಎಂದು ಹೇಳುತ್ತಾ ಬಂದಿದ್ದೀ. ಅಂಕಿ ಕಲಿಸದೆ ಬಿಟ್ಟದ್ದು ನಾನೇ, ಅದಕ್ಕೆ ಹೆಚ್ಚು ಬೈಯುವುದಿಲ್ಲ.

ಆ ಹಂಚು ಮಂಗಳೂರಿನದ್ದು. ಗುರುಪುರ ಹೊಳೆಯ ಬದಿಯ ಒಂದು ಕಾರ್ಖಾನೆಯದ್ದು. ಹೇಗೆ ಗೊತ್ತು ಎಂದು ಕೇಳುತ್ತೀ. ಇದನ್ನು ಬರೆಯಲಿಕ್ಕೇ ಐದು ವಾರ ಬೇಕಾಯಿತು. ನಾನು ಅಲ್ಲಿ ಕೂಲಿ ಹೆಂಗಸು. ಹನ್ನೆರಡನೇ ವಯಸ್ಸಿನಿಂದ ಮದುವೆಯ ತನಕ ತಲೆಯ ಮೇಲೆ ಹಂಚು ಹೊತ್ತೆ, ಒಂದು ಸಲಕ್ಕೆ ಎಂಟು. ನನ್ನ ನೆತ್ತಿಯಲ್ಲಿ ಕೂದಲು ತೆಳು ಯಾಕೆ ಎಂದು ನೀನು ಸಣ್ಣವಳಿರುವಾಗ ಕೇಳುತ್ತಿದ್ದೆ, ಎಣ್ಣೆ ಸರಿಯಿಲ್ಲ ಎನ್ನುತ್ತಿದ್ದೆ.

ಬೇರೆ ಹಂಚಿಗೆಲ್ಲ ಯಂತ್ರದಲ್ಲಿ ಕಂಪೆನಿಯ ಹೆಸರು ಬೀಳುತ್ತದೆ. ನೆತ್ತಿಗೆ ಕವುಚುವ ಹಂಚು ಮಾತ್ರ ನಮ್ಮಲ್ಲಿ ಕೈಯಲ್ಲೇ ಮಾಡುವುದು, ಅದಕ್ಕೆ ಹೆಸರಿಲ್ಲ. ವರ್ಷದ ಮೊದಲ ಭಟ್ಟಿಗೆ ಬೆಂಕಿ ಹಾಕುವ ಮೊದಲು ನಮ್ಮ ಹೆಂಗಸರ ಒಂದು ಕ್ರಮ ಇತ್ತು. ಒಂದು ಹಸಿ ಹಂಚಿನ ಹೊಟ್ಟೆಯಲ್ಲಿ ತೆಂಗಿನ ಗರಿಯ ಕಡ್ಡಿಯಿಂದ ಇಸವಿ ಗೀಚುವುದು. ದೊರೆಗಳಿಗೂ ಗೊತ್ತಿಲ್ಲ, ಮೇಸ್ತ್ರಿಗೂ ಗೊತ್ತಿಲ್ಲ. ನೆತ್ತಿಯ ಹಂಚಿನ ಹೊಟ್ಟೆಯನ್ನು ಯಾರು ನೋಡುತ್ತಾರೆ? ತಮ್ಮ ತಾಯಂದಿರ ಕಾಲದಿಂದಲೂ ಇತ್ತು ಎಂದು ಮುದುಕಿಯರು ಹೇಳುತ್ತಿದ್ದರು. ಅಂಕಿ ಬರೆಯಲು ಬರುವವಳು ಒಬ್ಬಳು ಬೇಕು. ಅರವತ್ತಮೂರರಲ್ಲಿ ಅಷ್ಟು ಹೆಂಗಸರ ನಡುವೆ ಬರೆಯಲು ಬಂದದ್ದು ನನಗೊಬ್ಬಳಿಗೆ. ಮೂರನೇ ಕ್ಲಾಸು ಸಾಕಾಯಿತು. ೧೯೬೩ ಎಂದು ಬರೆದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಇನ್ನು ಮುಖ್ಯವಾದದ್ದು, ಗಮನ ಇಟ್ಟು ಓದು. ಬರೆದದ್ದು ಓದು ಬಂದವಳದ್ದು ಮಾತ್ರ ಆಗಬಾರದು ಎಂದು, ಅಕ್ಷರ ಗೊತ್ತಿಲ್ಲದವರ ಪರವಾಗಿ ಮಣ್ಣು ಮೆಟ್ಟುವವಳು ಒಬ್ಬಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಇಸವಿಯ ಹತ್ತಿರ ಅಲ್ಲ, ಹಂಚಿನ ಬಲತುದಿಯ ಅಂಚಿನಲ್ಲಿ. ನಿಮ್ಮ ಅಗಾತಾಳ ಅಪ್ಪ ಎರಡು ತುದಿಗೂ ಗಾರೆ ಮೆತ್ತಿದ್ದಾನಲ್ಲ, ಅದರ ಅಡಿಯಲ್ಲಿ ಇರಬೇಕು. ಇಲ್ಲದಿದ್ದರೆ ನಾನು ಸುಳ್ಳಿ.

ಗುತ್ತಿನ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಒಮ್ಮೆ ಒಂದು ಗುತ್ತಿನ ಮನೆಯ ಮಾಡಿಗೆ ಹಂಚು ಹೊತ್ತು ಹೋಗಿದ್ದೆವು. ಯಜ್ಞೇಶ ಸಣ್ಣವನಿರುವಾಗ ಊಟ ಮಾಡಿಸುತ್ತಾ ಆ ಮನೆಯ ಕಂಬ, ಚಾವಡಿ, ತೂಗುಮಂಚ ಎಲ್ಲ ಹೇಳುತ್ತಿದ್ದೆ. ಅವನು ಅದನ್ನು ನನ್ನ ತವರು ಎಂದು ತಿಳಿದ. ನಿನ್ನ ಅಜ್ಜ ಕೊರಗಪ್ಪ "ಇರಲಿ ಬಿಡು, ಮಕ್ಕಳಿಗೆ ಒಳ್ಳೆಯದು" ಎಂದರು. ನಾನು ತಿದ್ದಲಿಲ್ಲ. ಈಗ ಅವನಿಗೆ ಐವತ್ತಮೂರು.

ನಿನಗೆ ಹೇಳಿದ್ದೇನೆ, ಆಯಿಷಮ್ಮ ಫೋಟೋ ಹೊಡೆಯುವಾಗ ಓದಿದ್ದಾಳೆ. ಮೂರನೆಯವರಿಗೆ ಗೊತ್ತಾಗಬಾರದು.

ಚೆನ್ನು


ಸ್ಯಾಮ್ಯುಯೆಲ್ಸ್ ಫ್ಲ್ಯಾಟ್
25-6-2024

ಅಜ್ಜಿ,

ಇದನ್ನೂ ಆಯಿಷಮ್ಮ ಅವರ ಫೋನಿಗೆ ಫೋಟೋ ಕಳಿಸುತ್ತಿದ್ದೇನೆ. ಕ್ಯಾರವಾನಿನಲ್ಲಿ ಕೂತು ಒಂದು ಗಂಟೆ ಅತ್ತೆ. ಆಮೇಲೆ ನಿಮ್ಮ ಹಳೆಯ ಕಾಗದ ಎಲ್ಲ ತೆಗೆದು ತಾರೀಕು ಓದಲು ಕೂತೆ.

ಅಗಾತಾ ಅವರಿಗೆ ಹೇಳಿದೆ. ಅವರು ಕುರ್ಚಿ ಹಾಕಿಕೊಂಡು ಹಂಚನ್ನೇ ನೋಡುತ್ತಾ ಕೂತರು, ಊಟಕ್ಕೂ ಏಳಲಿಲ್ಲ. ರೂಬೆನ್‌ಗೆ ಹೇಳಿದೆ. ಅವರು "ಕತಾರಿನಲ್ಲಿರುವ ನಿಮ್ಮ ಅಜ್ಜಿ ಹೇಳಿದರು ಎಂದು ಸರ್ಕಾರಿ ಕಾಗದದಲ್ಲಿ ಬರೆಯಲಿಕ್ಕಾಗುತ್ತದಾ?" ಎಂದರು. ಗಾರೆ ತೆಗೆಯಬೇಕಾದರೆ ಸಭೆಯ ಎದುರಿಗೇ ತೆಗೆಯಬೇಕು, ಏನು ಸಿಗುತ್ತದೆ ಎಂದು ಹೇಳಿದವರು ಮೊದಲೇ ತಮ್ಮ ಬಾಯಿಯಿಂದ ಹೇಳಬೇಕು, ಯಾರು, ಎಲ್ಲಿ ಕೆಲಸ ಮಾಡಿದವರು ಎಂದೂ ಹೇಳಬೇಕು, ಇದು ಅವರ ಷರತ್ತು. ಸಭೆ ಮಧ್ಯಾಹ್ನ ಎರಡು ಗಂಟೆಗೆ, ವಿಡಿಯೋದಲ್ಲಿ ಆಗಬಹುದು. ಅದು ಊರಿನ ವೆಬ್‌ಸೈಟಿನಲ್ಲಿ ಉಳಿಯುತ್ತದೆ, ಯಾರು ಬೇಕಾದರೂ ನೋಡಬಹುದು.

ನಾನು ನಿಮ್ಮನ್ನು ಕೇಳುವುದಿಲ್ಲ. ಇದು ನಾಲ್ಕು ಗೋಡೆಯ ಒಂದು ಹಾಲ್ ಅಷ್ಟೇ. ನನಗೆ ಬೇರೆ ಕೆಲಸ ಸಿಗುತ್ತದೆ.

ಅಶ್ವಿ


ಮೆಸಯೀದ್
೩೦-೬-೨೦೨೪

ಅಶ್ವೀ,

ಆಯಿಷಮ್ಮ ತನ್ನ ಮನೆಗೆ ಬಂದು ಮಾತಾಡಿ ಹೋಗು, ಯಜ್ಞೇಶನಿಗೆ ಗೊತ್ತಾಗುವುದಿಲ್ಲ ಎಂದಳು. ಎರಡು ದಿನ ಅದೇ ಸರಿ ಎಂದುಕೊಂಡೆ. ಮೂರನೇ ದಿನ ಆ ಅಲ್ ಶಮಾಲಿನ ಬೋರ್ಡು ನೆನಪಾಯಿತು. ಮೀನುಗಾರರ ಊರಿಗೆ ಇಲ್ಲಿ ಬೋರ್ಡು ಉಂಟು. ಹಂಚು ಹೊತ್ತವಳು ತನ್ನ ಊರಿನ ಹೆಸರನ್ನು ತಾನೇ ಅಳಿಸಿ ಕೂತಿದ್ದಾಳೆ.

ಮಾತಾಡುತ್ತೇನೆ. ನಮ್ಮ ಮನೆಯಿಂದಲೇ, ನಿನ್ನ ಅಪ್ಪನ ಎದುರಿಗೇ. ನಿಮ್ಮ ಮಧ್ಯಾಹ್ನ ಎರಡು ಗಂಟೆ ಎಂದರೆ ಇಲ್ಲಿ ಬೆಳಿಗ್ಗೆ ಏಳು ಎಂದು ಆಯಿಷಮ್ಮ ಲೆಕ್ಕ ಹಾಕಿದ್ದಾಳೆ. ಆ ವಾರ ಅವನಿಗೆ ರಾತ್ರಿಪಾಳಿ, ಆರೂವರೆಗೆ ಬರುತ್ತಾನೆ. ಮಲಗಬೇಡ ಎನ್ನುತ್ತೇನೆ.

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಅವರಿಗೆ ಇಂಗ್ಲಿಷಿನಲ್ಲಿ ಹೇಳು. ನಯ ಮಾಡಬೇಡ.

ಚೆನ್ನು


ಸ್ಯಾಮ್ಯುಯೆಲ್ಸ್ ಫ್ಲ್ಯಾಟ್
18-7-2024

ಅಜ್ಜಿ! ಅಜ್ಜಿ! ಅಜ್ಜಿ!

ನಿಮಗೆ ಫೋನಿನಲ್ಲಿ ಹಾಲ್‌ನ ಒಂದು ಮೂಲೆ ಮಾತ್ರ ಕಂಡಿರಬೇಕು, ಉಳಿದದ್ದನ್ನು ಹೇಳುತ್ತೇನೆ. ಎಂಬತ್ತಮೂರು ಜನರ ಊರಿನಲ್ಲಿ ನೂರ ಇಪ್ಪತ್ತು ಜನ ಬಂದಿದ್ದರು. ಪಕ್ಕದ ಊರಿನವರೂ ಬಂದರು. ಕ್ರಿಕೆಟ್ ಟೀಮಿನವರು ಟೋಪಿ ಹಾಕಿಕೊಂಡು ಹಿಂದೆ ನಿಂತಿದ್ದರು, ಯಾರೋ ಸತ್ತ ಹಾಗೆ ಮುಖ ಮಾಡಿಕೊಂಡು.

ನಾನು ಮೊದಲು ಕೇಳಿದ್ದು "ನಿಮ್ಮ ಹೆಸರು, ಉದ್ಯೋಗ?" ಎಂದು. ನೀವು "ಚೆನ್ನು. ಹಂಚಿನ ಕಾರ್ಖಾನೆಯ ಕೂಲಿ" ಅಂದಿರಿ. ನಿಮ್ಮ ಹಿಂದೆ ಅಪ್ಪನ ಅರ್ಧ ಮುಖ ಕಾಣುತ್ತಿತ್ತು. ಅದು ಅಲ್ಲಾಡಲಿಲ್ಲ. ನನಗೆ ಇಂಗ್ಲಿಷ್ ಬಾಯಿಗೆ ಬರಲಿಲ್ಲ, ನೀವು "ಯಲ್ಲಾ, ಹೇಳು!" ಎಂದು ಗದರಿದ ಮೇಲೆ ಬಂತು.

ರೂಬೆನ್ ಒಂದೇ ಪ್ರಶ್ನೆ ಕೇಳಿದ್ದು, ಹಂಚು 1914ರದ್ದೇ ಇರಲಿ, 1955ರಲ್ಲಿ ಎಲ್ಲಿಂದಲೋ ತಂದು ಹಾಕಿರಬಹುದಲ್ಲ ಎಂದು. ನೀವು ಕೊಟ್ಟ ಉತ್ತರದಲ್ಲಿ ಮೊದಲ ಅರ್ಧವನ್ನು ನಾನು ಹೇಳಲಿಲ್ಲ, ಕ್ಷಮಿಸಿ. ಉಳಿದ ಅರ್ಧ ಹೇಳಿದೆ: "ಮಂಗಳೂರಿನಿಂದ ಹಡಗು ಹತ್ತಿ ಬಂದ ಹಂಚನ್ನು ನಲವತ್ತು ವರ್ಷ ಯಾವನೂ ತಲೆದಿಂಬು ಮಾಡಿ ಮಲಗಿರುವುದಿಲ್ಲ." ಜನ ನಕ್ಕರು.

ಆಮೇಲೆ ಗಾರೆ. ಹಂಚು ಒಡೆದರೆ ಇದ್ದ ಒಂದು ಸಾಕ್ಷಿಯೂ ಹೋಯಿತು. ಕೌನ್ಸಿಲಿನ ಮೇಸ್ತ್ರಿ ಮುಟ್ಟಲು ಹೆದರಿದ. ಅಗಾತಾ ತಮ್ಮ ಚೀಲದಿಂದ ಬೆಣ್ಣೆ ಹಚ್ಚುವ ಚೂರಿ ತೆಗೆದು "ಮೆತ್ತಿದ್ದು ನನ್ನ ಅಪ್ಪ, ತೆಗೆಯುವವಳು ನಾನು" ಎಂದು ಏಣಿ ಹತ್ತಿದರು. ಇಪ್ಪತ್ತು ನಿಮಿಷ. ಕೆರೆಯುವ ಸದ್ದು ಬಿಟ್ಟರೆ ಏನೂ ಇಲ್ಲ. ಒಂದು ಚಕ್ಕೆ ಟಪ್ ಎಂದು ಬಿತ್ತು, ಎಲ್ಲರೂ ಬಗ್ಗಿ ನೋಡಿದರು. ಬಿದ್ದದ್ದು ಗಾರೆ.

ಅಲ್ಲಿತ್ತು ಅಜ್ಜಿ. ಬಲತುದಿಯ ಅಂಚಿನಲ್ಲಿ. ಹೆಬ್ಬೆಟ್ಟು. ಸಣ್ಣದು, ಗೆರೆಗೆರೆಯೂ ಕಾಣುತ್ತಿತ್ತು. ಅಗಾತಾ ಏಣಿಯ ಮೇಲೇ ನಿಂತು ತಮ್ಮ ಹೆಬ್ಬೆರಳನ್ನು ಅದರೊಳಗೆ ಇಟ್ಟರು. ಇಳಿಯಿರಿ ಎಂದರೆ ಇಳಿಯಲಿಲ್ಲ.

ಕೌನ್ಸಿಲ್ ಮೆಂಬರ್‌ಗಳ ಐದು ವೋಟು ಈ ಕಡೆ, ಎರಡು ಆ ಕಡೆ. ಹಾಲ್ ಉಳಿಯಿತು, ಊರಿನ ಹೆಸರು ಉಳಿಯಿತು. ರೂಬೆನ್ ಬಂದು ಕೈ ಕುಲುಕಿ, ಮೆಲ್ಲಗೆ "ಹಾಗಾದರೆ ಅದು ಮೀನು ಅಲ್ಲವೇ ಅಲ್ಲವಾ?" ಎಂದು ಕೇಳಿದರು. ಅವರೂ ಸಣ್ಣವರಿರುವಾಗ ಆ ಟೀಮಿನಲ್ಲಿ ಆಡಿದವರಂತೆ. ನನ್ನ ಕೆಲಸ ಇನ್ನೂ ಎರಡು ವರ್ಷ.

ಅಪ್ಪ ಏನಂದರು? ಫೋನ್ ಕಟ್ ಆಯಿತು. ನನಗೆ ಹೆದರಿಕೆ ಆಗುತ್ತಿದೆ.

ನಿಮ್ಮ ಅಶ್ವಿ, ಹಳ್ಳಿಯಿಂದ (ಳ ನೋಡಿ!)


ಮೆಸಯೀದ್
೨-೮-೨೦೨೪

ಅಶ್ವೀ,

ಳ ನೋಡಿದೆ. ಬಾಲ ಸ್ವಲ್ಪ ಉದ್ದವಾಯಿತು, ಆದರೂ ಳ.

ಫೋನು ಆಫ್ ಮಾಡಿದವಳು ನಾನೇ. ಇನ್ನು ಮುಂದಿನದು ಮನೆಯ ಮಾತು ಎಂದು. ನಿನ್ನ ಅಪ್ಪ ಪಾಳಿ ಮುಗಿಸಿ ಬಂದ ಬಟ್ಟೆಯಲ್ಲೇ ಕೂತಿದ್ದ. ನಿನ್ನ ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಆಯಿಷಮ್ಮ ಹೋಗುತ್ತೇನೆ ಎಂದಳು, ಹೋಗಲಿಲ್ಲ.

ಬೂಟಿನ ಲಾಡಿ ಬಿಚ್ಚುತ್ತಾ ಅವನು "ಅಮ್ಮಾ, ಹಾಗಾದರೆ ಗುತ್ತಿನ ಮನೆ?" ಎಂದ.

ನಾನು ಹೇಳಿದೆ, "ಗುತ್ತಿನ ಮನೆಯವಳೇ ಹೌದು ಮಗಾ. ಒಳಗೆ ಕೂತವಳಲ್ಲ, ಮಾಡಿಗೆ ಹಂಚು ಹೊತ್ತು ಹತ್ತಿದವಳು. ಕೂತವರು ಮಳೆಯಲ್ಲಿ ಒದ್ದೆಯಾಗಲಿಲ್ಲ ಎಂದರೆ ಅದು ನನ್ನಿಂದ."

ಅವನು ಎದ್ದು ಒಳಗೆ ಹೋದ. ಆಯಿಷಮ್ಮ ನನ್ನ ಕೈ ಹಿಡಿದುಕೊಂಡಳು. ಮುಗಿಯಿತು, ಇನ್ನು ಇವನು ನನ್ನನ್ನು ಯಾವ ಕೂಟಕ್ಕೂ ಕರೆಯುವುದಿಲ್ಲ ಎಂದುಕೊಂಡೆ. ಹೋಗಲಿ, ಅಲ್ಲಿಯ ಸಾಂಬಾರೂ ಸರಿಯಿರುವುದಿಲ್ಲ. ಐದು ನಿಮಿಷಕ್ಕೆ ತೆಂಗಿನೆಣ್ಣೆಯ ಬಾಟಲಿ ಹಿಡಿದುಕೊಂಡು ಬಂದ. ನನ್ನ ಹಿಂದೆ ನಿಂತು ನೆತ್ತಿಗೆ ಎಣ್ಣೆ ಹಾಕಿ ತಿಕ್ಕಲು ಶುರು ಮಾಡಿದ. ಕೂದಲು ತೆಳುವಾದ ಜಾಗಕ್ಕೆ ಸರಿಯಾಗಿ. ಅಷ್ಟು ದೊಡ್ಡ ಗಂಡಸು, ಪ್ಲಾಂಟಿನಲ್ಲಿ ನಲವತ್ತು ಜನರಿಗೆ ಗದರುವವನು. ಬಗ್ಗಿಸಿದ ತಲೆ ಎತ್ತಲು ನನಗೆ ಧೈರ್ಯ ಬರಲಿಲ್ಲ. ಎಣ್ಣೆ ಮೂಗಿನ ತನಕ ಇಳಿಯಿತು, "ಸಾಕು ಮಾರಾಯ, ನಾನು ನೀರುದೋಸೆಯ ಕಾವಲಿ ಅಲ್ಲ" ಎಂದೆ. ಆಗ ನಕ್ಕ. ನಗುತ್ತಾ ಅಳುತ್ತಿದ್ದ ಎಂದು ಆಯಿಷಮ್ಮ ಆಮೇಲೆ ಹೇಳಿದಳು.

ಕಳೆದ ಶುಕ್ರವಾರ ಕೂಟ ಇತ್ತು. ನನ್ನನ್ನು ಎದುರು ನಿಲ್ಲಿಸಿದ. "ನನ್ನ ಅಮ್ಮ. ಗುರುಪುರ ಹೊಳೆಬದಿಯ ಹಂಚಿನ ಕಾರ್ಖಾನೆಯವರು. ಆಸ್ಟ್ರೇಲಿಯಾದಲ್ಲಿ ಒಂದು ಊರು ಉಳಿಸಿದರು" ಎಂದ. ನಿನ್ನ ವಿಡಿಯೋವನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿಸಿದ. ಹಿಂದಿನ ಸಲ ಕಾಲಿಗೆ ಬಿದ್ದವರು ಮೂರು ಜನ. ಈ ಸಲ ಯಾರೂ ಬೀಳಲಿಲ್ಲ. ಆದರೆ ಹೆಂಗಸರು ಒಬ್ಬೊಬ್ಬರೇ ಬಂದು ಕಿವಿಯಲ್ಲಿ ಹೇಳಿದರು. ಒಬ್ಬಳ ಅಮ್ಮ ಬೀಡಿ ಕಟ್ಟಿದವಳು. ಒಬ್ಬಳ ಅಜ್ಜಿ ಗೋಡಂಬಿ ಕಾರ್ಖಾನೆಯಲ್ಲಿ ಬೆರಳು ಸುಟ್ಟುಕೊಂಡವಳು. ಲುಸೈಲಿನಲ್ಲಿ ದೊಡ್ಡ ಕಚೇರಿ ಇಟ್ಟವರ ಹೆಂಡತಿ "ಚೆನ್ನಮ್ಮ, ನನ್ನ ಅಪ್ಪನೂ ಹಂಚಿನ ಕಾರ್ಖಾನೆಯ ಭಟ್ಟಿಯಲ್ಲೇ ಇದ್ದರು" ಎಂದಳು. ಕಿವಿಯಲ್ಲಿ ಯಾಕೆ, ಗಟ್ಟಿಯಾಗಿ ಹೇಳು ಎಂದೆ. ಹೇಳಿದಳು!

ರೂಬೆನ್‌ಗೆ ನಾನು ಬೈದ ಮೊದಲ ಅರ್ಧವನ್ನು ಇನ್ನಾದರೂ ಹೇಳು.

ಚೆನ್ನು


ಸ್ಯಾಮ್ಯುಯೆಲ್ಸ್ ಫ್ಲ್ಯಾಟ್
೨೬-೮-೨೦೨೪

ಪ್ರೀತಿಯ ಅಜ್ಜಿ,

ತಾರೀಕು ನೋಡಿದಿರಾ? ನಾನೇ ಬರೆದದ್ದು, ಯಾರನ್ನೂ ಕೇಳದೆ.

ಅಪ್ಪ ಫೋನ್ ಮಾಡಿದ್ದರು. "ಕ್ಯಾರವಾನಿನ ಮೇಜಿನ ಕಾಲು ರಿಪೇರಿ ಆಯಿತಾ?" ಅಂದರು. ನೀವೇ ಹೇಳಿದ್ದು ಅಲ್ವಾ?

ಹಾಲ್ ರಿಪೇರಿ ಶುರುವಾಗಿದೆ. ಗೋಧಿ ಮೊಣಕಾಲೆತ್ತರ ಹಸಿರು ಬಂದಿದೆ, ತೊರೆಯಲ್ಲಿ ನೀರು ಓಡುತ್ತಿದೆ. ಹೊಸ ಬೋರ್ಡಿನಲ್ಲಿ ತೊರೆಯ ಹಳೆಯ ಹೆಸರನ್ನೂ ಮೇಲೆ ಬರೆಯಬೇಕು ಎಂದು ಅಗಾತಾ ಹಟ ಹಿಡಿದಿದ್ದಾರೆ. ಆ ಜನರ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೆಯೇ ಬರೆಸುತ್ತಾರೆ.

ಒಂದು ವಿನಂತಿ. ನೆತ್ತಿಯ ಒಂದು ಹಂಚು ಒಡೆದಿದೆ. ಕುಂಬಾರಿಕೆ ಮಾಡುವ ಹೆಂಗಸೊಬ್ಬರು ಹೊಸತು ಮಾಡಿಕೊಡುತ್ತಾರೆ. ಅದರ ಹೊಟ್ಟೆಯಲ್ಲಿ ಈ ವರ್ಷದ ಇಸವಿ ಇರಬೇಕು ಎಂದು ಊರಿನವರೆಲ್ಲ ತೀರ್ಮಾನ ಮಾಡಿದರು. ನೀವು ಕಾಗದದಲ್ಲಿ ದೊಡ್ಡದಾಗಿ ಬರೆದು ಕಳಿಸಿದರೆ ಅದರ ಮೇಲಿಂದ ಗೀಚುತ್ತೇವೆ. ಅಗಾತಾ ಹೆಬ್ಬೆಟ್ಟು ಒತ್ತುತ್ತಾರೆ. "ನನಗೆ ಅಕ್ಷರ ಬರುತ್ತದೆ, ಆದರೆ ಕನ್ನಡ ಬರುವುದಿಲ್ಲವಲ್ಲ, ನಡೆಯುತ್ತದಾ?" ಎಂದು ನಿಮ್ಮನ್ನು ಕೇಳಲು ಅವರೇ ಹೇಳಿದರು.

ಅಶ್ವಿ


ಮೆಸಯೀದ್
೧೯-೯-೨೦೨೪

ಅಶ್ವೀ,

ಅಂಚೆಯ ಮುದ್ರೆಯಲ್ಲಿ ಇಪ್ಪತ್ತೊಂಬತ್ತು ಎಂದಿದೆ ಎಂದು ನಿನ್ನ ಅಪ್ಪ ಓದಿ ಹೇಳಿದ. ನೀನು ಬರೆದದ್ದು ಇಪ್ಪತ್ತಾರು. ನಿನ್ನ ಒಂಬತ್ತು ಮಗ್ಗುಲು ತಿರುಗಿ ಆರಾಗಿದೆ. ಅಂದು ೧೯೧೪ರ ಹುಡುಗಿ ನಿನ್ನ ಹಾಗೆ ಬರೆದಿದ್ದರೆ ನಿಮ್ಮ ಹಾಲ್ ಸಾವಿರದ ಆರುನೂರ ಹದಿನಾಲ್ಕರದ್ದಾಗಿ ರೂಬೆನ್ ಎದೆ ಹಿಡಿದುಕೊಂಡು ಬೀಳುತ್ತಿದ್ದ. ಕಾಗದದ ಹಿಂದೆ ಐವತ್ತು ಒಂಬತ್ತು ಬರೆದು ಕಳಿಸು. ಬಿಡುವುದಿಲ್ಲ.

ಅಗಾತಾಳಿಗೆ ನಡೆಯುತ್ತದೆ ಎಂದು ಹೇಳು. ಗಾರೆ ಕೆರೆದವಳ ಹೆಬ್ಬೆಟ್ಟಿಗಿಂತ ದೊಡ್ಡದು ಯಾರದ್ದು? ಬಲತುದಿಯಲ್ಲಿ ಒತ್ತಲಿ, ಆಮೇಲೆ ಅದರ ಮೇಲೆ ಗಾರೆ ಬೀಳಲಿ. ಮುಚ್ಚಿದ್ದು ಇರಬೇಕು. ಇನ್ನು ನೂರು ವರ್ಷಕ್ಕೆ ಯಾವನಾದರೂ ಒಬ್ಬ ಎಂಜಿನಿಯರ್ ಬಂದು ಇದು ಶೆಡ್ ಎನ್ನುತ್ತಾನೆ, ಆಗ ಬೇಕಾಗುತ್ತದೆ.

ಬರೆಯಲು ನಿನ್ನ ಅಪ್ಪ ಆಫೀಸಿನಿಂದ ದೊಡ್ಡ ಹಾಳೆ ತಂದ. ಪೆನ್ನು ಬೇಡ ಎಂದೆ. ಜಲೀಲನ ಅಂಗಡಿಯಿಂದ ಆಯಿಷಮ್ಮ ಒಂದು ಹೊಸ ಪೊರಕೆ ತರಿಸಿದಳು, ಅದರಿಂದ ತೆಂಗಿನ ಕಡ್ಡಿ ಎಳೆದೆ. ಮಸಿಯಲ್ಲಿ ಅದ್ದಿ ಬರೆದೆ. ಅರವತ್ತೊಂದು ವರ್ಷದ ಮೇಲೆ ಎರಡನೇ ಸಲ.

ಇದರೊಳಗೆ ಮಡಚಿ ಇಟ್ಟಿದ್ದೇನೆ. ೨೦೨೪.

ರೂಬೆನ್‌ಗೂ ಟೋಪಿ ಹಾಕಿದ ಆ ಗಂಡಸರಿಗೂ ತೋರಿಸಿ ಹೇಳು, ಮುಖ ಸಣ್ಣ ಮಾಡಬೇಡಿ ಎಂದು. ಈ ಸಲವೂ ಕೊನೆಯಲ್ಲಿ ಮೀನೇ ಸಿಕ್ಕಿದೆ.

ಚೆನ್ನು
ಹಂಚಿನ ಕಾರ್ಖಾನೆ, ಗುರುಪುರ ಹೊಳೆಬದಿ